ಧಾತು: ಪದವೊಂದು, ಅರ್ಥ ಹಲವು



ಗಂಧಕವು ಧಾತುವೇ? ಕನ್ನಡದಲ್ಲಿ ವಿಜ್ಞಾನವನ್ನು ಓದಿದವರು ‘ಹೌದು’ ಎನ್ನುವರು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮರಾಠಿ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ‘ಅಲ್ಲ’ ಎನ್ನುವರು. ಎರಡು ಉತ್ತರಗಳೂ ಸರಿಯೇ. ಕನ್ನಡದ ರಸಾಯನಶಾಸ್ತ್ರದಲ್ಲಿ ಧಾತುವೆಂದರೆ ಮೂಲವಸ್ತು. ಕಬ್ಬಿಣ, ತಾಮ್ರಗಳಂತೆ ಗಂಧಕ, ಆಮ್ಲಜನಕಗಳೂ ಧಾತುಗಳೇ. ಮರಾಠಿ ಮತ್ತು ಹಿಂದಿಗಳಲ್ಲಿ ಧಾತುವೆಂದರೆ ಲೋಹ. ಗಂಧಕವು ಅಲ್ಲಿ ‘ಅಧಾತು’. ನಮ್ಮ ಮೂಲವಸ್ತುವನ್ನು ಮರಾಠಿಯು ‘ಮೂಲದ್ರವ್ಯ’ವೆಂದೂ ಹಿಂದಿಯು ‘ತತ್ತ್ವ’ವೆಂದೂ ಕರೆಯುತ್ತದೆ.

ವ್ಯಾಕರಣದಲ್ಲಿ ಧಾತುವೆಂದರೆ ಕ್ರಿಯಾಪದದ ಮೂಲರೂಪ. ‘ಮಾಡಿದನು’, ‘ಮಾಡುವಳು’, ‘ಮಾಡುತ್ತಾರೆ’ ಎಂಬ ರೂಪಗಳಿಗೆಲ್ಲ ‘ಮಾಡು’ ಎಂಬುದು ಧಾತು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಧಾತುವಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಆಯುರ್ವೇದದಲ್ಲಾದರೋ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರಗಳು ಸಪ್ತಧಾತುಗಳು. ಇಡು, ಧರಿಸು ಎಂಬರ್ಥದ ಸಂಸ್ಕೃತದ ‘ಧಾ’ ಎಂಬುದರಿಂದ ಈ ಪದ ಹುಟ್ಟಿದೆ. ಒಂದಕ್ಕೆ ಆಧಾರವಾಗಿ ನಿಲ್ಲುವುದು ಧಾತು. ಪದಕ್ಕೂ ಪದಾರ್ಥಕ್ಕೂ ದೇಹಕ್ಕೂ ಅದು ಸಲ್ಲುವುದು ಈ ಕಾರಣದಿಂದಲೇ.

ಅರ್ಥಭೇದವನ್ನು ಅರಿಯದಿದ್ದರೆ ತೊಂದರೆಯುಂಟು. ಹಿಂದಿಯ ‘ಧಾತು’ವನ್ನು ಹಾಗೆಯೇ ಕನ್ನಡಕ್ಕೆ ತಂದರೆ ಲೋಹದ ಪಾತ್ರೆಯು ಮೂಲವಸ್ತುವಿನ ಪಾತ್ರೆಯಾದೀತು. ಊರು ಬದಲಿಸಿದ ವಿದ್ಯಾರ್ಥಿಯು ತಿಳಿದ ಉತ್ತರವನ್ನೇ ಬರೆದು ಅಂಕ ಕಳೆದುಕೊಂಡಾನು.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಸಪ್ತಧಾತುಗಳಲ್ಲಿ ಕೊನೆಯದೊಂದನ್ನೇ ‘ಧಾತು’ವೆಂದು ಕರೆದು, ‘ಧಾತು ದೌರ್ಬಲ್ಯ’ಕ್ಕೆ ಮದ್ದು ಕೊಡುವೆವೆಂದು ಸಾರುವವರಿದ್ದಾರೆ. ಅದನ್ನು ನಂಬಿ ಅಂಜುವ ಯುವಕರೂ ಇದ್ದಾರೆ. ಮನೋವೈದ್ಯರಾದ ಡಾ. ಎನ್.ಎನ್. ವಿಗ್ ಅವರು 1960ರಲ್ಲಿ ಈ ಆತಂಕಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರಿತ್ತರು. ಸ್ವಪ್ನಸ್ಖಲನವು ದೇಹಸಹಜವಾದುದು, ಅದರಿಂದ ಶಕ್ತಿಯು ಸೋರಿಹೋಗುವುದಿಲ್ಲ. ಲೈಂಗಿಕ ಸಾಮರ್ಥ್ಯವನ್ನು ಹೆಚ್ಚಿಸುವುದಾಗಿ ಹೇಳುವ ಔಷಧಿಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮವು ನಿಷೇಧಿಸಿದೆ.

ಆದುದರಿಂದ ‘ಧಾತು’ ಎಂಬ ಪದವು ಎದುರಾದಾಗ ಅದು ಯಾವ ಶಾಸ್ತ್ರದ್ದು, ಯಾವ ಭಾಷೆಯದು ಎಂದು ಮೊದಲು ವಿಚಾರಿಸೋಣ. ಮಕ್ಕಳ ಪಾಠದಲ್ಲಿ ‘ಲೋಹ’, ‘ಮೂಲವಸ್ತು’ ಎಂದು ಬಿಡಿಸಿ ಹೇಳೋಣ. ದೇಹದ ವಿಷಯದಲ್ಲಿ ಸಂಶಯ ಬಂದರೆ ಗೋಡೆಬರಹವನ್ನು ನಂಬದೆ, ಸಂಕೋಚವನ್ನು ತೊರೆದು ಅರ್ಹ ವೈದ್ಯರನ್ನು ಕಾಣೋಣ.