ಗೆದ್ದವನ ಬಾಕಿ

ಕೋಟ್ಯಧೀಶನೊಬ್ಬ ತನಗೆ ಸಂಬಳ ಬಂದಿಲ್ಲವೆಂದು ದೂರಿದರೆ ಕೇಳಿದವರಿಗೆ ಮೊದಲು ಬರುವುದು ನಗು. ತಿಂಗಳ ಕೊನೆಯಲ್ಲಿ ದಿನಸಿ ಅಂಗಡಿಯ ಲೆಕ್ಕಕ್ಕೆ ಅಂಜುವ ನಮ್ಮಂಥವರಿಗೆ ಅದು ಉಳ್ಳವರ ಮನೆಯ ಜಗಳದಂತೆ ತೋರುವುದು ಸಹಜ. ೨೦೧೩ರಲ್ಲಿ ಫಾರ್ಮುಲಾ ಒನ್ ಮೋಟಾರು ಪಂದ್ಯಗಳ ಲೋಕದಲ್ಲಿ ನಡೆದ ಅಂಥದೊಂದು ಜಗಳವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ದುಡಿಮೆಗೂ ಕೊಟ್ಟ ಮಾತಿಗೂ ಇರುವ ನಂಟನ್ನು ಅದು ನಿಚ್ಚಳವಾಗಿ ತೋರಿಸುತ್ತದೆ ಎಂಬುದೇ ಅದಕ್ಕೆ ಕಾರಣ.

ಕಥೆಯ ನಾಯಕ ಕಿಮಿ ರೈಕೊನೆನ್. ೧೯೭೯ರಲ್ಲಿ ಫಿನ್ಲೆಂಡಿನ ಎಸ್ಪೋ ನಗರದಲ್ಲಿ ಹುಟ್ಟಿದವನು. ಮಾತು ಬಲು ಕಡಿಮೆ. ಗೆದ್ದಾಗಲೂ ಸೋತಾಗಲೂ ಮುಖಭಾವ ಒಂದೇ. ೨೦೦೭ರಲ್ಲಿ ಇಟಲಿಯ ಫೆರಾರಿ ತಂಡದ ಪರವಾಗಿ ವಿಶ್ವ ಚಾಂಪಿಯನ್ ಆದ. ೨೦೦೯ರ ಕೊನೆಗೆ, ಒಪ್ಪಂದ ಇನ್ನೂ ಒಂದು ವರ್ಷ ಉಳಿದಿರುವಾಗಲೇ, ಫೆರಾರಿ ಅವನನ್ನು ಬೀಳ್ಕೊಟ್ಟಿತು. ಅದಕ್ಕೆ ಪರಿಹಾರವಾಗಿ ದೊಡ್ಡ ಮೊತ್ತವನ್ನೇ ತೆತ್ತಿತೆಂದು ಪತ್ರಿಕೆಗಳು ಬರೆದವು. ಎರಡು ವರ್ಷ ರ‍್ಯಾಲಿ ಪಂದ್ಯಗಳಲ್ಲಿ ಅಲೆದಾಡಿದ ಆತ ೨೦೧೨ರಲ್ಲಿ ಲೋಟಸ್ ತಂಡದ ಮೂಲಕ ಮರಳಿ ಬಂದ. ಓಡಿಸದೆ ಹಣ ಪಡೆದವನು ಇನ್ನು ಹಣ ಪಡೆಯದೆ ಓಡಿಸಬೇಕಾಗಿ ಬಂದುದು ವಿಧಿಯ ವಿನೋದವೇ ಸರಿ.

ಈ ಲೋಟಸ್ ತಂಡದ ಹೆಸರು ಪ್ರಸಿದ್ಧವಾದುದು. ಆದರೆ ಆ ಹಳೆಯ ಲೋಟಸ್ ಮನೆತನಕ್ಕೂ ಇದಕ್ಕೂ ರಕ್ತಸಂಬಂಧವಿರಲಿಲ್ಲ. ಇಂಗ್ಲೆಂಡಿನ ಎನ್‌ಸ್ಟೋನ್ ಎಂಬ ಹಳ್ಳಿಯ ಬಳಿಯ ಇದರ ಕಾರ್ಖಾನೆ ಹಿಂದೆ ಬೆನೆಟನ್ ಎಂದೂ ಆಮೇಲೆ ರೆನೊ ಎಂದೂ ಕರೆಸಿಕೊಂಡು ವಿಶ್ವವಿಜೇತರನ್ನು ಕಂಡಿತ್ತು. ಕುಶಲಕರ್ಮಿಗಳು ಅವರೇ, ಯಂತ್ರಗಳು ಅವೇ; ಒಡೆತನ ಮಾತ್ರ ಲಕ್ಸೆಂಬರ್ಗಿನ ಒಂದು ಹೂಡಿಕೆ ಸಂಸ್ಥೆಯ ಪಾಲಾಗಿತ್ತು. ಈ ಆಟದಲ್ಲಿ ಖರ್ಚು ಮೊದಲು, ಆದಾಯ ಆಮೇಲೆ. ಈ ವರ್ಷ ಗೆದ್ದ ಸ್ಥಾನದ ಬಹುಮಾನದ ಹಣ ಮುಂದಿನ ವರ್ಷ ಕೈಸೇರುತ್ತದೆ. ನಡುವಿನ ಕಂದರವನ್ನು ಪ್ರಾಯೋಜಕರಾಗಲಿ ಒಡೆಯರಾಗಲಿ ತುಂಬಬೇಕು, ಇಲ್ಲವಾದರೆ ಸಾಲ.

ರೈಕೊನೆನ್‌ನ ಒಪ್ಪಂದದಲ್ಲಿ ಸಂಬಳದ ಜೊತೆಗೆ, ಗಳಿಸಿದ ಪ್ರತಿಯೊಂದು ಅಂಕಕ್ಕೂ ಇಷ್ಟು ಹಣವೆಂಬ ಕರಾರೂ ಇತ್ತೆಂದು ವರದಿಯಾಗಿತ್ತು. ಆತ ಎಷ್ಟು ಗಳಿಸಿಯಾನು ಎಂದು ತಂಡ ಎಣಿಸಿತ್ತೋ, ಆತ ಮಾತ್ರ ೨೦೧೨ರಲ್ಲಿ ೨೦೭ ಅಂಕ ಗಳಿಸಿ ಮೂರನೆಯವನಾದ. ಆ ವರ್ಷದ ಬಹರೇನ್ ಪಂದ್ಯದಿಂದ ಮರುವರ್ಷದ ಹಂಗೇರಿಯ ಪಂದ್ಯದವರೆಗೆ ಎಡೆಬಿಡದೆ ೨೭ ಪಂದ್ಯಗಳಲ್ಲಿ ಅಂಕ ತಂದ. ಇಲ್ಲಿನ ವೈಚಿತ್ರ್ಯವನ್ನು ಗಮನಿಸಿ. ಆತ ತಂದ ಒಂದೊಂದು ಅಂಕವೂ ತಂಡದ ಕೀರ್ತಿಯ ಪುಟದಲ್ಲಿ ಜಮೆ, ಸಾಲದ ಪುಟದಲ್ಲಿ ಖರ್ಚು. ಸೋತಿದ್ದರೆ ತಂಡಕ್ಕೆ ಹೊರೆ ಹಗುರವಾಗುತ್ತಿತ್ತು; ಗೆದ್ದುದರಿಂದ ಬಾಕಿ ಬೆಳೆಯಿತು.

ಬಾಕಿ ಇರುವುದನ್ನು ಒಡೆಯರು ಅಲ್ಲಗಳೆಯಲಿಲ್ಲ. ಹೊಸ ಹೂಡಿಕೆದಾರರು ಬರಲಿದ್ದಾರೆ, ಬಂದೊಡನೆ ಎಲ್ಲವೂ ಸರಿಹೋಗುವುದು ಎಂಬ ಭರವಸೆ ತಿಂಗಳಿಂದ ತಿಂಗಳಿಗೆ ಮುಂದೆ ಸಾಗಿತು. ೨೦೧೩ರ ಸೆಪ್ಟೆಂಬರಿನಲ್ಲಿ, ಮರುವರ್ಷ ಆತ ಫೆರಾರಿಗೆ ಮರಳುವನೆಂಬ ಪ್ರಕಟಣೆ ಹೊರಬಿತ್ತು. ತಂಡ ಬಿಡಲು ಹಣದ ವಿಚಾರವೇ ಕಾರಣವೆಂದು ಆತ ಸಿಂಗಪುರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ. ಹೇಳಿ, ಬೆನ್ನುನೋವನ್ನು ಸಹಿಸಿಕೊಂಡೇ ಹದಿಮೂರನೆಯ ಸ್ಥಾನದಿಂದ ಹೊರಟು ಮೂರನೆಯವನಾಗಿ ಗುರಿ ಮುಟ್ಟಿದ. ಸಂಬಳವಿಲ್ಲವೆಂದು ಆತ ಕೆಲಸದಲ್ಲಿ ಕಳ್ಳತನ ಮಾಡಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಒಳಗೆ ಹೊಗೆಯಾಡುತ್ತಿದ್ದುದು ಲೋಕಕ್ಕೆ ಕೇಳಿಸಿದ್ದು ನಮ್ಮ ದೇಶದಲ್ಲೇ. ಅಕ್ಟೋಬರ್ ೨೭ರಂದು ಗ್ರೇಟರ್ ನೋಯ್ಡಾದ ಬುದ್ಧ ಪಥದಲ್ಲಿ, ಸವೆದ ಟಯರುಗಳ ಮೇಲೆ ಹೆಣಗುತ್ತಿದ್ದ ಆತನಿಗೆ, ವೇಗವಾಗಿ ಬರುತ್ತಿದ್ದ ಜೊತೆಗಾರ ಗ್ರೋಜಾನ್‌ಗೆ ದಾರಿಬಿಡುವಂತೆ ತಂಡದಿಂದ ರೇಡಿಯೋ ಆಜ್ಞೆ ಬಂತು. ಆ ಆಜ್ಞೆಯಲ್ಲಿ ಬೈಗುಳವಿತ್ತು; ಮರುತ್ತರದಲ್ಲೂ ಬೈಗುಳವಿತ್ತು. ಬುದ್ಧನ ಹೆಸರಿನ ಪಥದಲ್ಲಿ ಸಮ್ಯಕ್ ವಾಕ್ಕಿಗೆ ಅಂದು ಎಡೆಯಿರಲಿಲ್ಲ.

ಮುಂದಿನ ವಾರ ಅಬುಧಾಬಿ. ಗುರುವಾರ ಆತ ಬರಲೇ ಇಲ್ಲ. ಬಂದ ಮೇಲೆ, ಇಡೀ ವರ್ಷ ತನಗೆ ಒಂದು ಯೂರೋ ಕೂಡ ಸಂದಿಲ್ಲವೆಂದೂ, ಹೀಗೇ ಆದರೆ ಉಳಿದ ಪಂದ್ಯಗಳಿಗೆ ಬಾರದಿರಬಹುದೆಂದೂ ತಿಳಿಸಿದ. ಕಾರಿನ ತಳಹಲಗೆ ಪರೀಕ್ಷೆಯಲ್ಲಿ ನಿಯಮಕ್ಕೆ ಹೊಂದದೆ ಆತ ಸಾಲಿನ ಕೊನೆಗೆ ಸರಿದ. ಮೊದಲ ಸುತ್ತಿನಲ್ಲೇ ಇನ್ನೊಂದು ಕಾರಿಗೆ ತಗುಲಿ ನಿಂತ. ಪಂದ್ಯ ಮುಗಿಯುವ ಮುನ್ನವೇ ಹೊರಟುಹೋದ. ಬೆನ್ನಿನ ಶಸ್ತ್ರಚಿಕಿತ್ಸೆಯ ಕಾರಣದಿಂದ ಕೊನೆಯ ಎರಡು ಪಂದ್ಯಗಳಿಗೆ ಬರಲಿಲ್ಲ. ನೋವು ನಿಜವಾದುದೇ. ಸಂಬಳ ಸಂದಿದ್ದರೆ ಅದನ್ನು ಇನ್ನೆರಡು ವಾರ ತಾಳುತ್ತಿದ್ದನೋ ಏನೋ.

ತಂಡದ ಪರವಾಗಿಯೂ ಹೇಳಬಹುದಾದ ಮಾತು ಉಂಟು. ನೂರಾರು ಕೆಲಸಗಾರರ ಸಂಸಾರಗಳು ಆ ಕಾರ್ಖಾನೆಯನ್ನು ನಂಬಿವೆ. ಇರುವ ಹಣ ಮೊದಲು ಅವರಿಗೆ ಸಲ್ಲಲಿ, ಸಿರಿವಂತನು ಕಾಯಲಿ ಎಂಬುದು ಕೇಳಲು ನ್ಯಾಯವಾಗಿದೆ. ಆದರೆ ಕಾಯಬೇಕಾದವನನ್ನು ಕೇಳಿ ಕಾಯಿಸುವುದು ಬೇರೆ, ಕಾಯುತ್ತಾನೆಂದು ಮೊದಲೇ ಲೆಕ್ಕಹಾಕುವುದು ಬೇರೆ. ಕೆಲಸವನ್ನು ಪ್ರೀತಿಸುವವನಿಗೆ ಎಲ್ಲೆಡೆಯೂ ಎದುರಾಗುವುದು ಈ ಎರಡನೆಯ ಲೆಕ್ಕವೇ. ಹೇಗಿದ್ದರೂ ಓಡಿಸುತ್ತಾನೆ, ಹೇಗಿದ್ದರೂ ಹಾಡುತ್ತಾನೆ, ಹೇಗಿದ್ದರೂ ಬರೆಯುತ್ತಾನೆ—ಪ್ರೀತಿಯನ್ನೇ ಸಂಬಳದಲ್ಲಿ ಮುರಿದುಕೊಳ್ಳುವ ಲೆಕ್ಕ. ನಮ್ಮ ಕನ್ನಡದಲ್ಲಿ ಕೂಲಿ, ಸಂಬಳಗಳ ಜೊತೆಗೆ ಸಂಭಾವನೆ ಎಂಬ ಪದವೂ ಇದೆ. ಅದರ ಮೂಲಾರ್ಥ ಗೌರವಿಸುವುದು. ಹಣ ತಡವಾದಾಗ ತಡವಾಗುವುದು ಹಣ ಮಾತ್ರವಲ್ಲವೆಂಬುದನ್ನು ಆ ಪದ ಬಲ್ಲದು.

ಕಾದಿದ್ದ ಹೂಡಿಕೆದಾರರು ಬರಲೇ ಇಲ್ಲ. ೨೦೧೫ರ ಹಂಗೇರಿಯಲ್ಲಿ ಹಣ ಸಲ್ಲದ ಕಾರಣ ಆ ತಂಡಕ್ಕೆ ಟಯರುಗಳೇ ಕೆಲಹೊತ್ತು ದೊರೆಯಲಿಲ್ಲ. ಅದೇ ವರ್ಷ ಬೆಲ್ಜಿಯಮ್ಮಿನಲ್ಲಿ ಗ್ರೋಜಾನ್ ಮೂರನೆಯವನಾಗಿ ಬಂದಾಗ, ಮತ್ತೊಬ್ಬ ಮಾಜಿ ಚಾಲಕನ ದಾವೆಯಿಂದಾಗಿ ಕಾರುಗಳು ಜಪ್ತಿಯ ಬಾಗಿಲಲ್ಲಿ ನಿಂತವು. ಡಿಸೆಂಬರಿನಲ್ಲಿ ರೆನೊ ಕಂಪನಿ ತಂಡವನ್ನು ಮರಳಿ ಕೊಂಡಿತು, ಕಾರ್ಖಾನೆ ಉಳಿಯಿತು.

ರೈಕೊನೆನ್ ಬಾಯಿಬಿಟ್ಟು ಕೇಳಿದ. ಆತನ ಕೈಯಲ್ಲಿ ಮತ್ತೊಂದು ಒಪ್ಪಂದವಿತ್ತು. ಹಾಗೆ ಬೇರೊಂದು ಬಾಗಿಲು ತೆರೆದಿರದೆ, ಇನ್ನೊಂದು ತಿಂಗಳು ನೋಡೋಣವೆಂದು ಮೌನವಾಗಿ ಕೆಲಸಕ್ಕೆ ಹೋಗುವವರು ನಮ್ಮ ಊರುಗಳಲ್ಲೂ ಇದ್ದಾರೆ. ಸಿರಿವಂತನ ದೂರಿಗೆ ನಗುವ ಮುನ್ನ, ಆ ದೂರನ್ನು ಆಡಲಾರದವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡುವುದು ಒಳಿತು.