ಹೆದ್ದಾರಿಯ ಆಚೆಯ ಬಡಾವಣೆಗಳು



ಪ್ಲೇನೋ, ಶುಗರ್‌ಲ್ಯಾಂಡ್, ರೌಂಡ್ ರಾಕ್‌ಗಳಂಥ ಹೊರವಲಯದ ಊರುಗಳಲ್ಲಿ ನೆಲೆಸಿರುವ ನಾವು ನಿತ್ಯವೂ ಹೆದ್ದಾರಿ ಹಿಡಿದು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಿಗೆ ಹೋಗಿ ಬರುತ್ತೇವೆ. ಆ ಹೆದ್ದಾರಿಗಳು ಯಾರ ಮನೆಯಂಗಳವನ್ನು ಹಾದು ಬಂದಿವೆ ಎಂದು ವಿಚಾರಿಸುವ ಪ್ರಸಂಗ ನಮಗೆ ಒದಗುವುದು ಅಪರೂಪ. ಹಳೆಯ ಬಡಾವಣೆಗಳ ಪುನರುಜ್ಜೀವನಕ್ಕೆ ಏನು ಬೇಕೆಂಬ ಇಂದಿನ ವಿಷಯವನ್ನು ಅಲ್ಲಿಂದಲೇ ಆರಂಭಿಸುವುದು ಯುಕ್ತ.

ಆಸ್ಟಿನ್ ನಗರದ 1928ರ ಯೋಜನೆ ಆಫ್ರಿಕನ್ ಅಮೆರಿಕನ್ನರನ್ನೆಲ್ಲ ಪೂರ್ವಭಾಗಕ್ಕೆ ಸೇರಿಸಬೇಕೆಂದು ಸೂಚಿಸಿತು. ವರ್ಣದ ಆಧಾರದ ಮೇಲೆ ವಸತಿಯನ್ನು ವಿಂಗಡಿಸುವ ಕಾನೂನುಗಳನ್ನು ಸರ್ವೋಚ್ಚ ನ್ಯಾಯಾಲಯ 1917ರಲ್ಲೇ ತಳ್ಳಿಹಾಕಿತ್ತು. ಆದುದರಿಂದ ಯೋಜನಾಕಾರರು ಬಳಸುದಾರಿ ಹಿಡಿದರು: ಅವರಿಗೆ ಶಾಲೆ, ಉದ್ಯಾನಗಳ ಸೌಕರ್ಯ ಪೂರ್ವಭಾಗದಲ್ಲಿ ಮಾತ್ರ. ಯಾರನ್ನೂ ಓಡಿಸಬೇಕಾಗಲಿಲ್ಲ, ಜನ ತಾವಾಗಿಯೇ ಹೋಗಬೇಕಾಯಿತು. 1962ರಲ್ಲಿ ಐ-35 ಹೆದ್ದಾರಿ ತೆರೆದಾಗ ಆ ಗೆರೆ ಕಾಂಕ್ರೀಟಿನದಾಯಿತು.

ಹ್ಯೂಸ್ಟನ್ನಿನ ಫ್ರೀಡ್‌ಮೆನ್ಸ್ ಟೌನ್ 1865ರಲ್ಲಿ ದಾಸ್ಯಮುಕ್ತರಾದವರು ಕಟ್ಟಿಕೊಂಡ ಬಡಾವಣೆ. ಬೀದಿಗೆ ಇಟ್ಟಿಗೆ ಹಾಸಿದವರೂ ಅವರೇ. 1940ರ ದಶಕದಲ್ಲಿ ಅದರ ಒಂದು ಭಾಗವನ್ನು ಕೆಡವಿ ಸರ್ಕಾರಿ ವಸತಿಸಮುಚ್ಚಯ ಕಟ್ಟಲಾಯಿತು. ಆದರೆ ಆ ಮನೆಗಳು ಮೊದಲು ಬಿಳಿಯರಿಗೆ ಮೀಸಲಾಗಿದ್ದವು. 1990ರ ದಶಕದಲ್ಲಿ ಆ ಸಮುಚ್ಚಯದ ಬಹುಭಾಗವೂ ನೆಲಸಮವಾಯಿತು. ಒಂದೇ ನೆಲಕ್ಕೆ ಎರಡೆರಡು ಬಾರಿ ‘ಅಭಿವೃದ್ಧಿ’! ಡಲ್ಲಾಸಿನಲ್ಲಂತೂ ಸತ್ತವರಿಗೂ ನೆಮ್ಮದಿಯಿರಲಿಲ್ಲ. ಸೆಂಟ್ರಲ್ ಎಕ್ಸ್‌ಪ್ರೆಸ್‌ವೇಯನ್ನು ಫ್ರೀಡ್‌ಮನ್ಸ್ ಸ್ಮಶಾನದ ಒಂದು ಭಾಗದ ಮೇಲೆಯೇ ಹಾಯಿಸಿದ್ದರು. 1990ರ ದಶಕದ ಆರಂಭದಲ್ಲಿ ರಸ್ತೆ ಅಗಲಿಸುವಾಗ ಅಲ್ಲಿಂದ 1,100ಕ್ಕೂ ಹೆಚ್ಚು ಸಮಾಧಿಗಳನ್ನು ಸ್ಥಳಾಂತರಿಸಬೇಕಾಯಿತು.

ಇಂಥ ಬಡಾವಣೆಗಳಿಗೆ ಚರಂಡಿ, ಕಾಲುದಾರಿ, ದಿನಸಿ ಅಂಗಡಿಗಳು ಬೇಕೆಂಬುದರಲ್ಲಿ ವಿವಾದವಿಲ್ಲ. ತೊಡಕಿರುವುದು ಅವು ಬಂದ ಮೇಲೆ. ಟೆಕ್ಸಸ್ಸಿನಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ. ಶಾಲೆ, ಪುರಸಭೆಗಳು ಬಹುಮಟ್ಟಿಗೆ ಆಸ್ತಿ ತೆರಿಗೆಯನ್ನು ನೆಚ್ಚಿಕೊಂಡಿವೆ. ಬೀದಿ ಸುಧಾರಿಸಿದರೆ ನಿವೇಶನದ ಬೆಲೆ ಏರುತ್ತದೆ, ಬೆಲೆಯೊಡನೆ ತೆರಿಗೆ ಏರುತ್ತದೆ. ವಾರ್ಷಿಕ ಏರಿಕೆಗೆ ಮಿತಿ, ವೃದ್ಧರಿಗೆ ವಿನಾಯಿತಿ ಇವೆಯಾದರೂ ಅವುಗಳ ಪ್ರಯೋಜನ ಮುಖ್ಯವಾಗಿ ಸ್ವಂತ ಮನೆಯಲ್ಲಿ ವಾಸಿಸುವವರಿಗೆ. ಬಾಡಿಗೆದಾರನಿಗೆ ಯಾವ ಆಸರೆಯೂ ಇಲ್ಲ.

ಇನ್ನೊಂದು ತೊಡಕು ನಮ್ಮೂರಿನವರಿಗೆ ಕೂಡಲೇ ಅರ್ಥವಾಗುವಂಥದು. ಅಜ್ಜ ತೀರಿಕೊಂಡು ದಶಕಗಳಾದರೂ ಪೌತಿ ಖಾತೆಯಾಗದೆ ಉಳಿದ ಜಮೀನು ನಮ್ಮಲ್ಲಿ ಎಷ್ಟಿಲ್ಲ? ಇಲ್ಲಿಯೂ ಮರಣಪತ್ರವಿಲ್ಲದೆ ಮೊಮ್ಮಕ್ಕಳವರೆಗೆ ಹಂಚಿಹೋದ ಮನೆಗಳು ಹೇರಳ. ಹಕ್ಕುಪತ್ರ ಸ್ಪಷ್ಟವಿಲ್ಲದಿದ್ದರೆ ದುರಸ್ತಿಗೆ ಸಾಲ ಹುಟ್ಟುವುದಿಲ್ಲ. 2017ರ ಹಾರ್ವೆ ಚಂಡಮಾರುತದ ತರುವಾಯ ಇಂಥ ಕುಟುಂಬಗಳಿಗೆ ಸರ್ಕಾರದ ನೆರವು ಪಡೆಯುವುದೂ ಕಷ್ಟವಾಯಿತು. ಕೇಂದ್ರದ ವಿಪತ್ತು ಪರಿಹಾರ ಸಂಸ್ಥೆ ದಾಖಲೆಯ ನಿಯಮ ಸಡಿಲಿಸಿದ್ದು 2021ರಲ್ಲಿ. ನಮ್ಮ ದೃಷ್ಟಿಯಲ್ಲಿ ಹೊಸ ಕಟ್ಟಡಕ್ಕಿಂತ ಮೊದಲು ಬೇಕಾದುದು ಈ ಕಾಗದಪತ್ರಗಳ ಕೆಲಸ. ಅದಕ್ಕೆ ಶಂಕುಸ್ಥಾಪನೆಯ ಸಮಾರಂಭವಿಲ್ಲದಿರುವುದರಿಂದ ಯಾವ ಗಣ್ಯರಿಗೂ ಅದರಲ್ಲಿ ಆಸಕ್ತಿಯಿಲ್ಲ.

ಆಶಾದಾಯಕ ಪ್ರಯತ್ನಗಳೂ ಉಂಟು. ಹ್ಯೂಸ್ಟನ್ನಿನ ಥರ್ಡ್ ವಾರ್ಡಿನಲ್ಲಿ 1993ರಲ್ಲಿ ರಿಕ್ ಲೋ ಮತ್ತು ಸಂಗಡಿಗ ಕಲಾವಿದರು ಪಾಳುಬಿದ್ದ 22 ಪುಟ್ಟ ಮನೆಗಳನ್ನು ಕೆಡವದೆ ಉಳಿಸಿ, ಕೆಲವನ್ನು ಕಲೆಗೂ ಕೆಲವನ್ನು ಎಳೆಯ ತಾಯಂದಿರ ವಸತಿಗೂ ಬಳಸಿದರು. ಆಸ್ಟಿನ್ನಿನಲ್ಲಿ 1999ರಲ್ಲಿ ಮುಚ್ಚಿದ ಮ್ಯೂಲರ್ ವಿಮಾನನಿಲ್ದಾಣದ ಸುಮಾರು 700 ಎಕರೆಯಲ್ಲಿ ಎದ್ದ ಬಡಾವಣೆಯ ಮನೆಗಳಲ್ಲಿ ಕಾಲುಭಾಗವನ್ನು ಕಡಿಮೆ ಆದಾಯದವರ ಕೈಗೆಟಕುವಂತೆ ಇರಿಸುವ ನಿಯಮ ಮಾಡಲಾಯಿತು. ನೆಲ ನಗರದ್ದಾಗಿದ್ದುದರಿಂದ ಅದು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಈ ಬಡಾವಣೆಗಳಲ್ಲಿ ಮನೆ ಕೊಳ್ಳಲು ನಮ್ಮ ಕನ್ನಡ ಕುಟುಂಬಗಳಿಗೂ ಕರೆ ಬರುತ್ತಿರುತ್ತದೆ. ವಾರಸುದಾರರಲ್ಲಿ ಒಬ್ಬನ ಪಾಲನ್ನು ಅಗ್ಗಕ್ಕೆ ಕೊಂಡು, ನ್ಯಾಯಾಲಯದ ಮೂಲಕ ಇಡೀ ಮನೆಯನ್ನು ಹರಾಜಿಗೆ ತರುವುದು ಇಲ್ಲಿನ ಹಳೆಯ ವಿದ್ಯೆ. 2017ರಲ್ಲಿ ಜಾರಿಗೆ ಬಂದ ಟೆಕ್ಸಸ್ ಕಾನೂನು ಇತರ ವಾರಸುದಾರರಿಗೆ ಆ ಪಾಲನ್ನು ನ್ಯಾಯಾಲಯ ನಿಗದಿ ಮಾಡಿದ ಬೆಲೆಗೆ ಕೊಳ್ಳುವ ಅವಕಾಶ ಕೊಟ್ಟಿದೆ. ಆದರೆ ಹಣ ಹೊಂದಿಸಲು ಅವರಿಗೆ ಸಿಗುವ ಕಾಲಾವಕಾಶ ಅಲ್ಪ. ಮನೆ ತೋರಿಸುವ ದಲ್ಲಾಳಿಯನ್ನು ನಾವು ಮೊದಲು ಕೇಳಬೇಕಾದುದು ಬಾಡಿಗೆ ಎಷ್ಟು ಬಂದೀತೆಂದಲ್ಲ, ವಾರಸುದಾರರೆಲ್ಲರೂ ರುಜು ಹಾಕಿದ್ದಾರೆಯೇ ಎಂದು.