ಮೊಬೈಲಿನ ಮಾತು ಮತ್ತು ನಮ್ಮ ಚರಿತ್ರೆ

(ಅಣ್ಣಿಗೇರಿಯಲ್ಲಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಈ ಸೀಮೆಯ ಚರಿತ್ರೆಯ ಮೇಲೆ ಪ್ರಬಂಧ ಬರೆಯಬೇಕಾದಾಗ ಮೊದಲು ಮೊಬೈಲನ್ನು ಕೇಳುತ್ತಾರೆ. ಕೇಳಲಿ, ತಪ್ಪಿಲ್ಲ. ಆದರೆ 'ನರಗುಂದ ಬಂಡಾಯ' ಎಂದು ಹುಡುಕಿದರೆ ಎರಡು ಬಂಡಾಯಗಳು ಎದುರಾಗುತ್ತವೆ. 1858ರದು ಬ್ರಿಟಿಷರ ವಿರುದ್ಧ ಅರಸ ಬಾಬಾಸಾಹೇಬರು ಎದ್ದದ್ದು. 1980ರದು ಅಭಿವೃದ್ಧಿ ಕರದ ವಿರುದ್ಧ ಮಲಪ್ರಭಾ ಕಾಲುವೆಯ ರೈತರು ಎದ್ದದ್ದು. ಅವಸರದಲ್ಲಿ ನಕಲು ಮಾಡಿದವನು ಎರಡನ್ನೂ ಕಲಸಿಬಿಡುತ್ತಾನೆ.

ಇದು ಸಣ್ಣ ತಪ್ಪಲ್ಲ. 1980ರ ಜುಲೈ 21ರ ಗೋಲಿಬಾರಿನಲ್ಲಿ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಕಳೆದುಕೊಂಡರು. ಹೊಲಕ್ಕೆ ನೀರು ಸರಿಯಾಗಿ ಬಾರದಿದ್ದರೂ ಕರ ಕಟ್ಟಿರೆಂದದ್ದೇ ಆ ಸಿಟ್ಟಿನ ಮೂಲ. ಈ ಕಾರಣವನ್ನು ಬಿಟ್ಟು ಬರೆದರೆ ಸತ್ತವರು ಬರಿಯ ಗಲಭೆಕೋರರಾಗಿ ಕಾಣುತ್ತಾರೆ.

ಕುಂದಗೋಳದ ಮೆಣಸಿನಕಾಯಿ ಕೊಳ್ಳುವಾಗ ನಾವು ಚೀಲದ ಬಾಯಿ ನೋಡಿ ದರ ಹೇಳುವುದಿಲ್ಲ. ಒಳಗೆ ಕೈ ಹಾಕಿ ನಡುವಿನ ಕಾಯಿ ತೆಗೆದು ನೋಡುತ್ತೇವೆ. ಓದುವಾಗಲೂ ಹಾಗೆಯೇ ಮಾಡಬೇಕು. ಬರೆದವನು ಯಾರು? ಅವನಿಗೆ ಹೇಗೆ ಗೊತ್ತು? ಯಾವಾಗ ಬರೆದ? ಹೀಗೆ ಬರೆದರೆ ಯಾರಿಗೆ ಲಾಭ?

ಕಾಲವನ್ನು ಕೇಳುವುದು ಬಹಳ ಮುಖ್ಯ. 1980ರ ಪತ್ರಿಕೆಯಲ್ಲಿ ನರಗುಂದ ಧಾರವಾಡ ಜಿಲ್ಲೆಯದು. ಇಂದಿನ ಬರಹದಲ್ಲಿ ಗದಗ ಜಿಲ್ಲೆಯದು. ಎರಡೂ ನಿಜವೇ. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಇಸವಿ ತಿಳಿಯದವನಿಗೆ ಮಾತ್ರ ಒಂದು ಸುಳ್ಳಾಗಿ ತೋರುತ್ತದೆ.

ಇನ್ನೊಂದು ಮಾತು. ಹತ್ತು ಕಡೆ ಒಂದೇ ವಾಕ್ಯ ಕಂಡರೆ ಅದು ಹತ್ತು ಸಾಕ್ಷಿಯಲ್ಲ. ಒಬ್ಬನದನ್ನು ಒಂಬತ್ತು ಜನ ನಕಲು ಮಾಡಿರಬಹುದು. ಈಗ ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುವ ಯಂತ್ರಗಳೂ ಬಂದಿವೆ. ಅವು ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುತ್ತವೆ.

ಆದುದರಿಂದ ಮಕ್ಕಳನ್ನು ಗ್ರಂಥಾಲಯಕ್ಕೆ ಕಳಿಸೋಣ. ಅಂದಿನ ಪತ್ರಿಕೆಗಳನ್ನೂ ವಿಧಾನಸಭೆಯ ನಡಾವಳಿಯನ್ನೂ ನೋಡಲಿ. ಅಂದು ಮೆರವಣಿಗೆಯಲ್ಲಿ ನಡೆದ ಹಿರಿಯರು ನಮ್ಮ ಓಣಿಗಳಲ್ಲಿ ಇನ್ನೂ ಇದ್ದಾರೆ; ಅವರ ಬಳಿ ಕೂತು ಕೇಳಲಿ. ಹಿರಿಯರ ನೆನಪೂ ತಪ್ಪಬಹುದು. ಅದನ್ನು ಕಾಗದದೊಡನೆ ತಾಳೆ ನೋಡಲಿ. ಸರಕಾರದ ಮಾತನ್ನು ಪರೀಕ್ಷಿಸುವಂತೆ ನಮ್ಮ ಪಕ್ಷದ ಮಾತನ್ನೂ, ಈ ಪತ್ರಿಕೆಯನ್ನೂ ಪರೀಕ್ಷಿಸಲಿ. ಅದಕ್ಕೆ ನಾವು ಹೆದರಬೇಕಾಗಿಲ್ಲ.

ತೂಕದಲ್ಲಿ ಮೋಸವಾದರೆ ಕೇಳುತ್ತೇವೆ, ಪಗಾರದಲ್ಲಿ ಕಡಿತವಾದರೆ ಕೇಳುತ್ತೇವೆ. ಚರಿತ್ರೆಯಲ್ಲಿ ಕಡಿತವಾದಾಗ ಸುಮ್ಮನಿರುವುದು ಸರಿಯೇ?